ಹಾರ್ಬೋರ್ನ್ ಹಿತ್ತಲಿನ ರೋಮನ್ ಸ್ನಾನಗೃಹ

ರೋಮನ್ನರ ವಿಷಯ ಬರೆಯುವಷ್ಟು ಓದಿಕೊಂಡವರು ಬೇರೆ ಇದ್ದಾರೆ. ಅವರ ಮುಂದೆ ಈ ಕತೆ ಹೇಳುವುದು ಅಧಿಕಪ್ರಸಂಗವೇ. ಆದರೂ ಚನ್ನಪ್ಪನ ಪಾಡು ಹೇಳದೆ ಇರಲಾಗುವುದಿಲ್ಲ, ಕ್ಷಮಿಸಬೇಕು.

ಇಂಗ್ಲಿಷರ ನಾಡಿನ ಹಾರ್ಬೋರ್ನಿನಲ್ಲಿದ್ದ ಅವನ ಮನೆಯಲ್ಲಿ ಬಾತ್‌ರೂಮ್ ಇದ್ದದ್ದು ಮಹಡಿಯ ಮೇಲೆ. ತಾಯಿ ಗಂಗವ್ವನ ಮೊಣಕಾಲು ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ಎಂಟು ತಿಂಗಳಿಂದ ಅಡುಗೆಮನೆಯಲ್ಲಿ ಕೂತು ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಳ್ಳುತ್ತಿದ್ದಳು.

"ಒಮ್ಮೆ ತಲಿಮ್ಯಾಲೆ ಬಿಸಿನೀರು ಹಾಕ್ಕೊಂಡು ಸಾಯ್ತೀನಪಾ," ಎಂದು ದಿನಾ ಹೇಳುವಳು.

ಕೆಳಗೊಂದು ಬಚ್ಚಲು ಕಟ್ಟಿಸಲು ಎಂಟು ತಿಂಗಳು ಕಾದು ಹಿಡಿದ ಬಿಲ್ಡರ್ ಆ ಸೋಮವಾರ ಹಿತ್ತಲಲ್ಲಿ ಪಾಯ ಅಗೆದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಇಟ್ಟಿಗೆಯ ಗಿಡ್ಡ ಕಂಬಗಳು, ಮಸಿ ಹಿಡಿದ ಗೂಡು ಕಂಡವು.

ಬೇಲಿಯಾಚೆಯಿಂದ ಡಾಕ್ಟರ್ ರಊಫ್ ಇಣುಕಿದರು. ಕಲಬುರಗಿಯವರು, ಹತ್ತಿರದ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು. ರೋಮನ್ ಇತಿಹಾಸದ ಸಂಜೆ ಕ್ಲಾಸಿಗೆ ಹೋಗತೊಡಗಿದ ಮೇಲೆ ಮದ್ದಿಲ್ಲದೆಯೂ ಜನರನ್ನು ಮಲಗಿಸಬಲ್ಲವರಾಗಿದ್ದರು.

"ಮುಟ್ಟಬೇಡಿ ಚನ್ನಪ್ಪನವರೇ. ಕೆಳಗೆ ಬೆಂಕಿ, ಮೇಲೆ ನೆಲ. ಇದು ರೋಮನ್ ಸ್ನಾನಗೃಹ. ಆಸ್ಪತ್ರೆ ಪಕ್ಕದಲ್ಲೇ ಅವರ ಕೋಟೆ ಇತ್ತಲ್ಲ?"

ಬಟ್ಟೆ ಒಣಹಾಕುವ ಜಾಗವನ್ನೂ ಹೆಜ್ಜೆಯಲ್ಲಿ ಅಳೆದು, ಸೈನಿಕರ ಗರಡಿಮನೆ ಇಲ್ಲೇ ಇರಬೇಕು ಎಂದರು. ಸದ್ದಿಲ್ಲದೆ ಮಣ್ಣು ಮುಚ್ಚಿಬಿಡೋಣವೇ ಎಂದು ಚನ್ನಪ್ಪ ಯೋಚಿಸುವುದರೊಳಗೆ ಅವರು ಪುರಾತತ್ವದವರಿಗೆ ಫೋನ್ ಮಾಡಿಯೂ ಆಗಿತ್ತು. ಬಿಲ್ಡರ್ ಟೀ ಮುಗಿಸಿ ಗುದ್ದಲಿಯನ್ನು ವ್ಯಾನಿಗೆ ಹಾಕಿದ.

ಮಧ್ಯಾಹ್ನ ಪುರಾತತ್ವದ ಅಧಿಕಾರಿಣಿ ಬಂದು, ಮಗುವಿಗೆ ತಲೆ ಬಾಚುವಂತೆ ಇಟ್ಟಿಗೆಗಳಿಗೆ ಬ್ರಷ್ ಆಡಿಸತೊಡಗಿದಳು. ಗಂಗವ್ವ ಕೋಲೂರಿಕೊಂಡು ಬಂದು ಗುಂಡಿಗೆ ಬಗ್ಗಿ ನೋಡಿದಳು.

"ಇದು ಹಂಡೆ ಒಲಿ ಅಲ್ಲೇನೋ? ನಮ್ಮೂರ ಬಚ್ಚಲದಾಗ ಇದ್ದಂಗ ಐತಿ."

ಅಷ್ಟರಲ್ಲಿ ಬ್ರಷ್ಷಿನಡಿಯಲ್ಲಿ ತಾಮ್ರದ ಹಂಡೆಯ ಕಂಠದ ಚೂರೊಂದು ಹೊಳೆಯಿತು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕನ್ನಡ ಅಕ್ಷರ: '...ವ್ವನ ಮದುವಿಗೆ'. ಚನ್ನಪ್ಪನಿಗೆ ಹೋದ ಜೀವ ಬಂತು. ರೋಮನ್ನರು ಮದುವೆಗೆ ಹಂಡೆ ಕೊಟ್ಟು ಅದರ ಮೇಲೆ ಕನ್ನಡದಲ್ಲಿ ಹೆಸರು ಹಾಕಿಸುತ್ತಿರಲಿಲ್ಲವಲ್ಲ. ಒಲೆ ಹೇಗೆ ಉರಿಯುತ್ತದೆ, ಹೊಗೆ ಎಲ್ಲಿಂದ ಹೋಗುತ್ತದೆ, ಪಾತ್ರೆಗೆ ಹೆಸರು ಹಾಕಿಸುವುದು ಏಕೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬೆವರು ಸುರಿಸಿಕೊಂಡು ವಿವರಿಸಿದ. ಅಧಿಕಾರಿಣಿ ಒಂದಕ್ಷರ ಬಿಡದೆ ಬರೆದುಕೊಂಡಳು.

ನಂತರ ಪೆನ್ನು ಮುಚ್ಚಿ, ರೋಮನ್ ಸ್ನಾನಗೃಹಗಳು ಈ ದೇಶದಲ್ಲಿ ಬೇಕಾದಷ್ಟಿವೆ, ಇಂಥದ್ದನ್ನು ತಾನು ಕಾಣುತ್ತಿರುವುದು ಇದೇ ಮೊದಲು ಎಂದಳು. ಇನ್ನು ಒಂದು ಇಟ್ಟಿಗೆಯೂ ಅಲುಗಬಾರದು ಎಂದೂ ತಾಕೀತು ಮಾಡಿದಳು.

"ಏನಂತಾಳೋ?" ಎಂದಳು ಗಂಗವ್ವ.

"ಬಚ್ಚಲ ಭಾಳ ಚಲೋ ಐತಂತ, ಯವ್ವಾ," ಎಂದ ಚನ್ನಪ್ಪ.

ಬಿಲ್ಡರನ ವ್ಯಾನು ತಿರುವು ದಾಟಿತು. ಮನೆಯ ಹಳೆಯ ಪತ್ರಗಳಲ್ಲಿ ಕನ್ನಡದ ಹೆಸರು ಒಂದೂ ಇಲ್ಲ. ಆ ಹಂಡೆ ಯಾವ ಅವ್ವನದು, ಅಷ್ಟು ದೂರ ಹೊತ್ತು ತಂದವರು ಯಾರು ಎಂಬುದು ಈವರೆಗೆ ಯಾರಿಗೂ ತಿಳಿದಿಲ್ಲ.