ಕ್ಲಿಫರ್ಡ್ ಸಗ್ಡನ್ ಸಾಯುತ್ತಿಲ್ಲ

ಆ ಶನಿವಾರ ಬೆಳಿಗ್ಗೆ ಟೊಮೆಟೊ ಗಿಡಗಳಿಗೆ ನೀರು ಬಿಡುವಾಗ ಕ್ಲಿಫರ್ಡ್ ಸಗ್ಡನ್ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ವರ್ನಾ ಬೇಲಿಯ ಮೇಲಿಂದ ಮುಖ ತೋರಿಸಿ, "ಗುಡ್ ಮಾರ್ನಿಂಗ್ ಕ್ಲಿಫರ್ಡ್! ಹೇಗಿದೀರಾ?" ಎಂದು ಕೇಳಿಬಿಟ್ಟಳು.

ಕ್ಲಿಫರ್ಡ್ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಗಿರಣಿ ಊರಿನಲ್ಲಿ. ಅಲ್ಲಿ ಈ ಪ್ರಶ್ನೆಗೆ "ಚೆನ್ನಾಗಿದೀನಿ" ಎಂದು ಉತ್ತರ ಕೊಟ್ಟವನನ್ನು ಜನ ಅನುಮಾನದಿಂದ ನೋಡುತ್ತಾರೆ. ಏನನ್ನೋ ಮಾರಲು ಬಂದಿದ್ದಾನೆ ಅಂದುಕೊಳ್ಳುತ್ತಾರೆ. ಹಾಗಾಗಿ ಅಭ್ಯಾಸಬಲದಿಂದ ಅವನೆಂದ:

"ಹೇಗಿರೋದು ವರ್ನಾ? ಸಾಯಂಕಾಲದವರೆಗೆ ಎಳೆದ್ರೆ ದೊಡ್ಡದು."

ವರ್ನಾಳ ನಗು ಅರ್ಧಕ್ಕೇ ನಿಂತಿತು. "ಅಯ್ಯೋ ದೇವರೇ! ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸಿದೆ. ಚಳಿಗಾಲಕ್ಕೆ ಹೊಸ ಕೋಟು ಹೊಲಿಸೋದು ಬೇಡ ಅಂದ್ರು."

ಇಷ್ಟನ್ನೂ ಅವನು ಮುಖದ ಒಂದು ಗೆರೆ ಅಲುಗದಂತೆ ಹೇಳಿದ. ತಮಾಷೆ ಮಾಡಿ ತಾನೇ ನಗುವುದೆಂದರೆ, ಅತಿಥಿಗೆ ಬಡಿಸಿದ ಊಟವನ್ನು ತಾನೇ ಉಂಡಂತೆ ಎಂಬುದು ಅವನ ಕಡೆಯವರ ಲೆಕ್ಕ. ಅವನೂರಿನಲ್ಲಾಗಿದ್ದರೆ ಪಕ್ಕದ ಮನೆಯಾಕೆ, "ಹಾಗಾದ್ರೆ ನಿಮ್ಮ ಹಳೇ ಕೋಟು ನಮ್ಮನೆಯವರಿಗಿರಲಿ, ಈಗಲೇ ಹೇಳಿಟ್ಟಿರ್ತೀನಿ" ಎಂದು ಅಷ್ಟೇ ಗಂಭೀರವಾಗಿ ಹೇಳಿ ಒಳಗೆ ಹೋಗುತ್ತಿದ್ದಳು. ಇಬ್ಬರಿಗೂ ದಿನ ಚೆನ್ನಾಗಿ ಶುರುವಾಗುತ್ತಿತ್ತು.

ಆದರೆ ಇದು ಅಮೆರಿಕದ ಅಯೋವಾ. ನ್ಯೂ ಲಿಂಡೆನ್ ಎಂಬ ಈ ಊರಿನಲ್ಲಿ ತಮಾಷೆಗೊಂದು ಪದ್ಧತಿಯಿತ್ತು. ವರ್ನಾಳ ಗಂಡ ಡೇಲ್ ಜೋಕು ಹೇಳುವುದಾದರೆ ಮೊದಲು ತಾನು ನಕ್ಕು, ತೊಡೆ ತಟ್ಟಿ, "ನಮ್ಮ ಹೊಲದ ಜೋಳ ಎಷ್ಟೆತ್ತರ ಬೆಳೆದಿತ್ತು ಗೊತ್ತಾ? ವಿಮಾನದೋರು ಕಂಪ್ಲೇಂಟ್ ಕೊಟ್ಟಿದ್ರು!" ಎನ್ನುತ್ತಿದ್ದ. ಆಮೇಲೆ ಕೇಳಿದವನ ಬೆನ್ನಿಗೊಂದು ಗುದ್ದಿ, "ತಮಾಷೆಗೆ ಹೇಳ್ದೆ ಕಣ್ರೀ!" ಎಂದು ಮುದ್ರೆ ಒತ್ತುತ್ತಿದ್ದ. ಆ ಮುದ್ರೆ ಬೀಳದ ಮಾತೆಲ್ಲ ಇಲ್ಲಿ ನಿಜವೆಂದೇ ಲೆಕ್ಕ. ಈ ಊರಿನ ಮಾರ್ಲಿಸಳನ್ನು ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಕ್ಲಿಫರ್ಡನಿಗೆ ಇದು ತಲೆಗೆ ಹತ್ತಿರಲಿಲ್ಲ.

ಅಲ್ಲದೆ ಅವತ್ತು ಅವನ ತಲೆಯೂ ಸ್ಥಿಮಿತದಲ್ಲಿರಲಿಲ್ಲ. ಮಧ್ಯಾಹ್ನದ ಮೇಲೆ ಪಾರ್ಕಿನಲ್ಲಿ ಊರಿನ ಬ್ಯಾಂಡಿನ ಸಂಗೀತ ಕಛೇರಿ. ಕಾರ್ನೆಟ್ ಎಂಬ ಪುಟ್ಟ ಕಹಳೆ ಊದುತ್ತಾ ಇಷ್ಟು ಕಾಲ ಹಿಂದಿನ ಸಾಲಿನಲ್ಲಿ ಕೂತಿದ್ದವನಿಗೆ ಮೊದಲ ಸಲ ಒಬ್ಬನೇ ಎದ್ದು ನಿಂತು ಊದುವ ಅವಕಾಶ ಸಿಕ್ಕಿತ್ತು. ಗಿರಣಿಯ ಬ್ಯಾಂಡಿನಲ್ಲಿ ಅವನಪ್ಪ ಊದುತ್ತಿದ್ದ ರಾಗ. ಅಪ್ಪನ ಕಾರ್ನೆಟ್. ಇಂಗ್ಲೆಂಡಿನಲ್ಲೇ ಇದ್ದ ಅಕ್ಕ ಡೊರೀನಳಿಗೆ ಫೋನಿನಲ್ಲೇ ಅದನ್ನು ಕೇಳಿಸುವುದೆಂದೂ ಮಾತಾಗಿತ್ತು. ಆ ಹೆದರಿಕೆಗೇ ಬಾಯಿಂದ ಸಾವಿನ ಮಾತು ಬಂದದ್ದು.

ಅವನ ಚಹಾ ಮುಗಿಯುವ ಮೊದಲೇ ಬಾಗಿಲ ಗಂಟೆ ಬಾರಿಸಿತು. ವರ್ನಾ ನಿಂತಿದ್ದಳು. ಕೈಯಲ್ಲಿ ಹಬೆಯಾಡುವ ದೊಡ್ಡ ಗಾಜಿನ ಪಾತ್ರೆ: ಆಲೂಗಡ್ಡೆ, ಕೋಳಿ, ಮೇಲೆ ಕಂಬಳಿ ಹೊದಿಸಿದಂತೆ ಚೀಸ್.

"ಮಾತಾಡ್ಬೇಡಿ ಕ್ಲಿಫರ್ಡ್. ಶಕ್ತಿ ಉಳಿಸ್ಕೊಳ್ಳಿ" ಎಂದು ಪಿಸುಗುಟ್ಟಿ, ಪಾತ್ರೆ ಕೈಗಿಟ್ಟು, ಕಣ್ಣೊರೆಸಿಕೊಂಡು ಓಡಿದಳು.

ಅವಳ ಹಿಂದೆ ಎದುರುಮನೆಯವರು ಬಂದರು. ಆಮೇಲೆ ಮೂಲೆಮನೆಯವರು. ಕ್ಲಿಫರ್ಡ್ ಎಂದೂ ಕಾಣದ ಒಬ್ಬ ಅಜ್ಜಿಯೂ ಬಂದು, ಅವನ ಕೆನ್ನೆ ಸವರಿ, ಒಂದು ಪಾತ್ರೆ ಇಟ್ಟು ಹೋದಳು. ಅಡುಗೆಮನೆ ಮದುವೆಮನೆಯ ಉಗ್ರಾಣದಂತಾಯಿತು. ಆಮೇಲೆ ಪಾದ್ರಿಯೇ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಮನಸ್ಸು ಬಿಚ್ಚಿ ಹೇಳಪ್ಪಾ. ಭಯ ಆಗ್ತಿದೆಯಾ?"

"ಆಗ್ತಿದೆ ಪಾದ್ರಿಗಳೇ. ಇಷ್ಟೂ ಚೀಸನ್ನ ಒಂದೇ ಜನ್ಮದಲ್ಲಿ ತಿಂದು ಮುಗಿಸೋದು ಹೇಗೆ ಅಂತ."

ಪಾದ್ರಿಗಳ ಕಣ್ಣು ತುಂಬಿತು. "ಈ ಸ್ಥಿತೀಲೂ ಎಂಥಾ ಧೈರ್ಯ!" ಎಂದವರೇ, ಅದನ್ನು ನಾಲ್ಕು ಜನರಿಗೆ ಹೇಳಲು ಎದ್ದು ಹೋದರು.

ಅಷ್ಟರಲ್ಲಿ ಮಾರ್ಲಿಸ್ ಬಂದಳು. ತಲೆಯ ಒಂದು ಪಕ್ಕ ಅಚ್ಚುಕಟ್ಟಾದ ಗುಂಗುರು. ಇನ್ನೊಂದು ಪಕ್ಕದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕ್ಲಿಫರ್ಡ್! ಪಾರ್ಲರಲ್ಲಿ ಕೂದಲು ಸುರುಳಿ ಮಾಡಿಸ್ಕೊಳ್ತಾ ಕೂತಿದ್ದೆ. ಆ ಹುಡುಗಿ ನನ್ನ ಅಪ್ಪಿಕೊಂಡು ಅಳೋಕೆ ಶುರು ಮಾಡಿದ್ಲು. ನಾನು ವಿಧವೆ ಆಗ್ತಿರೋದು ಊರಿಗೆಲ್ಲ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ! ಯಾರಿಗೆ ಏನಂದೆ, ಹೇಳು."

"ವರ್ನಾ ಹೇಗಿದೀರಾ ಅಂದ್ರು..."

"ಸಾಕು, ಗೊತ್ತಾಯ್ತು" ಎಂದು ಮಾರ್ಲಿಸ್ ಕುರ್ಚಿಯಲ್ಲಿ ಕುಸಿದಳು.

ಇಷ್ಟಕ್ಕೇ ಮುಗಿದಿದ್ದರೆ ಚೀಸ್ ತಿಂದುಕೊಂಡು ಹೇಗೋ ಸುಧಾರಿಸಬಹುದಿತ್ತು. ಆದರೆ ಬ್ಯಾಂಡಿನ ಮುಖ್ಯಸ್ಥ ಡ್ವೇನ್ ಬಂದ. ಮನೆಯೊಳಗೆ ಕಾಲಿಟ್ಟವನೇ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಕ್ಲಿಫ್, ನೋಡಪ್ಪಾ. ನಿನ್ನ ಉಸಿರಿಗೆ ತ್ರಾಸ ಕೊಡೋದು ಬೇಡ. ಇವತ್ತಿನ ನಿನ್ನ ಪಾಲಿನದನ್ನ ನಿನ್ನ ಪಕ್ಕ ಕೂರೋ ರ‍್ಯಾಂಡಿ ಊದ್ತಾನೆ. ನೀನು ಮುಂದಿನ ಸಾಲಲ್ಲಿ ಆರಾಮಕುರ್ಚಿ ಹಾಕ್ಕೊಂಡು ಕೂತು ಕೇಳು. ಕಂಬಳಿ ತರಿಸಿಟ್ಟಿದೀನಿ."

ಜುಲೈ ತಿಂಗಳು. ಹೊರಗೆ ಡಾಂಬರು ಕರಗುತ್ತಿತ್ತು.

ಕ್ಲಿಫರ್ಡ್ ದಡಕ್ಕನೆ ಎದ್ದ. "ಡ್ವೇನ್, ನನಗೇನೂ ಆಗಿಲ್ಲ. ಆದ್ರೆ ರ‍್ಯಾಂಡಿ ಊದೋದನ್ನ ಕೂತು ಕೇಳು ಅಂದ್ರೆ ಅಲ್ಲೇ ಪ್ರಾಣ ಬಿಡ್ತೀನಿ!"

ಡ್ವೇನ್ ತುಟಿ ಕಚ್ಚಿಕೊಂಡು ತಲೆಯಾಡಿಸಿದ. "ಪಾರ್ಕಿನ ಬಾಗಿಲಲ್ಲೇ ಆಂಬ್ಯುಲೆನ್ಸ್ ನಿಲ್ಲಿಸಿರ್ತೀನಿ" ಎಂದು ಮೆಲ್ಲಗೆ ಹೇಳಿ ಹೊರಟುಹೋದ.

ಕ್ಲಿಫರ್ಡ್ ಕಾರ್ನೆಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಮುಖ ನೋಡಿ ಮಾರ್ಲಿಸಳ ಕೋಪ ಇಳಿಯಿತು. ಒದ್ದೆ ತಲೆಗೊಂದು ಟವಲು ಸುತ್ತಿಕೊಂಡು ಪಕ್ಕದಲ್ಲಿ ಬಂದು ಕೂತಳು.

"ಈ ಜನ ದಡ್ಡರಲ್ಲ ಕಣೋ. ಹೇಳಿದ್ದನ್ನ ನಂಬ್ತಾರೆ, ಅಷ್ಟೇ. ಇವತ್ತೊಂದಿನ ನೆಟ್ಟಗೆ ಹೇಳು. ಮನಸ್ಸಲ್ಲಿ ಏನಿದೆಯೋ ಅದನ್ನೇ ಹೇಳು."

"ಎಲ್ಲರ ಮುಂದೆನಾ? ಅದಕ್ಕಿಂತ ಬಟ್ಟೆ ಬಿಚ್ಚಿ ನಿಲ್ಲೋದು ಸುಲಭ."

"ಆ ಮಾತನ್ನ ಮಾತ್ರ ವರ್ನಾ ಹತ್ರ ಆಡ್ಬೇಡ" ಎಂದಳು ಮಾರ್ಲಿಸ್.

ಪಾರ್ಕಿನಲ್ಲಿ ಊರೆಲ್ಲ ಸೇರಿತ್ತು. ಕ್ಲಿಫರ್ಡ್ ಬರುತ್ತಿದ್ದಂತೆ ಜನ ದಾರಿ ಬಿಟ್ಟು ಗಂಡಸರೆಲ್ಲ ಟೋಪಿ ತೆಗೆದರು. ಅವನು ಆರಾಮಕುರ್ಚಿಯ ಕಡೆ ತಿರುಗಿಯೂ ನೋಡದೆ ನೇರ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತ. ಕೆಳಗೆ ಮಾರ್ಲಿಸ್ ಫೋನು ಎತ್ತಿ ಹಿಡಿದಿದ್ದಳು. ಅದರೊಳಗೆ ಡೊರೀನ್ ಇದ್ದಳು.

"ನಾನು ಸಾಯ್ತಿಲ್ಲ" ಎಂದ ಕ್ಲಿಫರ್ಡ್. "ನನಗೆ ಯಾವ ಕಾಯಿಲೆನೂ ಇಲ್ಲ. ಡಾಕ್ಟರ ಹತ್ರ ಹೋಗೇ ಇಲ್ಲ. ಬೆಳಿಗ್ಗೆ ವರ್ನಾಗೆ ಹೇಳಿದ್ದು ತಮಾಷೆಗೆ."

ಡೇಲ್ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ: "ಅದರಲ್ಲಿ ತಮಾಷೆ ಎಲ್ಲಿತ್ತು ಕ್ಲಿಫರ್ಡ್?"

"ಎಲ್ಲೂ ಇರಲಿಲ್ಲ ಡೇಲ್. ನಮ್ಮ ಕಡೆ ತಮಾಷೆನ ಹಾಗೇ ಬಚ್ಚಿಡ್ತೀವಿ. ಬೇರೆದನ್ನೂ ಹಾಗೇ ಬಚ್ಚಿಡ್ತೀವಿ." ಅವನ ಕಿವಿ ಕೆಂಪಾಯಿತು. ಆದರೂ ಬಿಡಲಿಲ್ಲ. "ನಾನು ಸಾಯ್ತೀನಿ ಅಂತ ನೀವೆಲ್ಲ ಒಲೆ ಹಚ್ಚಿದ್ರಿ. ಇಷ್ಟು ಅಕ್ಕರೆ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ನಾನಿಲ್ಲಿ ತುಂಬಾ ಸುಖವಾಗಿದೀನಿ. ನಿಮ್ಮನ್ನೆಲ್ಲ ಕಂಡ್ರೆ ನನಗೆ ಪ್ರೀತಿ. ಮಾರ್ಲಿಸನ್ನ ಕಂಡ್ರೆ ಬಹಳ ಪ್ರೀತಿ. ನಮ್ಮ ಡೊರೀನಕ್ಕನ್ನ ಕಂಡ್ರೂ ಪ್ರೀತಿ, ಇದುವರೆಗೆ ಹೇಳಿರಲಿಲ್ಲ. ಇವತ್ತು ನಮ್ಮಪ್ಪ ಊದ್ತಿದ್ದ ರಾಗ ನಾನು ಊದ್ಬೇಕು. ಅಷ್ಟೇ ನನ್ನಾಸೆ."

ಇದು ಅವರಿಗೆ ಅರ್ಥವಾಗುವ ಭಾಷೆ. ಇಡೀ ಪಾರ್ಕು ಎದ್ದು ನಿಂತು ಚಪ್ಪಾಳೆ ತಟ್ಟಿತು. ಡೇಲನಿಗೆ ಆಗ ಹೊಳೆಯಿತು. "ಹೊಸ ಕೋಟು ಹೊಲಿಸ್ಬೇಡ ಅಂದ್ರಂತೆ! ಹೊಸ ಕೋಟು!" ಎಂದು ತೊಡೆ ತಟ್ಟಿ ನಗತೊಡಗಿದ. ಆ ನಗು ಒಣಹುಲ್ಲಿಗೆ ಬಿದ್ದ ಬೆಂಕಿಯಂತೆ ಸಾಲಿನಿಂದ ಸಾಲಿಗೆ ಹರಡಿತು. ರ‍್ಯಾಂಡಿ ತಾನಾಗಿಯೇ ಎದ್ದು ಜಾಗ ಬಿಟ್ಟ. ಡ್ವೇನ್ ಬ್ಯಾಂಡಿಗೆ ಸನ್ನೆ ಕೊಡುವ ಕೋಲೆತ್ತಿದ.

ಕ್ಲಿಫರ್ಡ್ ಊದಿದ. ಗಿರಣಿಯ ಮಸಿ, ಅಪ್ಪನ ಉಬ್ಬಿದ ಕೆನ್ನೆ, ಮಂಜು ಮುಸುಕಿದ ಬೆಟ್ಟ ಎಲ್ಲವೂ ಆ ಪುಟ್ಟ ಕಹಳೆಯಿಂದ ಹೊರಬಂದು ಅಯೋವಾದ ಜೋಳದ ಹೊಲಗಳ ಮೇಲೆ ತೇಲಿಹೋದವು. ಅವನು ಅಷ್ಟು ಚೆನ್ನಾಗಿ ಯಾವತ್ತೂ ಊದಿರಲಿಲ್ಲ.

ವೇದಿಕೆ ಇಳಿದು ಬಂದಾಗ ಮೈ ಹೂವಿನಷ್ಟು ಹಗುರವಾಗಿತ್ತು. ಮಾರ್ಲಿಸ್ ಒಂದು ಥರದ ಮುಖ ಮಾಡಿಕೊಂಡು ಫೋನು ಕೊಟ್ಟಳು.

"ಲೋ ಕ್ಲಿಫ್..." ಡೊರೀನಳ ದನಿ ಗದ್ಗದವಾಗಿತ್ತು. "ಎಷ್ಟು ದಿನ ಅಂತ ಹೇಳಿದಾರೋ?"

"ಏನು ಎಷ್ಟು ದಿನ? ಏನೂ ಆಗಿಲ್ಲ ಅಂದೆನಲ್ಲ, ಕೇಳಿಸಲಿಲ್ವಾ ಅಕ್ಕಾ?"

"ಎಲ್ಲ ಕೇಳಿಸ್ತು. ಅಪ್ಪ ಕೊನೆಯುಸಿರು ಎಳೀವಾಗ್ಲೂ ನೀನು ಮಳೆ ವಿಷಯ ಮಾತಾಡಿದೋನು. ಇವತ್ತು ಮೈಕ್ ಹಿಡ್ಕೊಂಡು ನನ್ನ ಕಂಡ್ರೆ ಪ್ರೀತಿ ಅಂತೀಯ! ನನಗೆ ಅಷ್ಟೂ ಅರ್ಥ ಆಗಲ್ವಾ?"

"ಅಕ್ಕಾ, ಸತ್ಯವಾಗ್ಲೂ ನಾನು ಚೆನ್ನಾಗಿದೀನಿ. ತುಂಬಾ ಖುಷಿಯಾಗಿದೀನಿ."

"ಖುಷಿಯಾಗಿದೀಯಾ!" ಡೊರೀನ್ ಗೊಳೋ ಎಂದು ಅತ್ತಳು. "ಅಷ್ಟು ಕೈಮೀರಿ ಹೋಗಿದೆಯಾ! ಟಿಕೆಟ್ ತೊಗೊಂಡಾಯ್ತು. ನಾಳೆ ಬೆಳಿಗ್ಗೆ ಹೊರಡ್ತೀನಿ. ಅಲ್ಲೀವರೆಗೆ ಜೀವ ಹಿಡ್ಕೊಂಡಿರೋ, ನನ್ನಪ್ಪಾ!"

ಫೋನು ಕಟ್ಟಾಯಿತು. ಮದುವೆಗೂ ಬರದೆ, ವಿಮಾನವೆಂದರೆ ಮೂರು ಮಾರು ದೂರ ನಿಲ್ಲುತ್ತಿದ್ದ ಅಕ್ಕ. ಕ್ಲಿಫರ್ಡನಿಗೆ ಯಾವ ನೆಪಕ್ಕಾದರೂ ಸರಿ, ಬರಲಿ ಅನ್ನಿಸಿತು. ಅವಳಿಗೆ ಈ ಊರು ತೋರಿಸಬೇಕು, ಅವಳ ಮುಂದೆ ಇನ್ನೊಮ್ಮೆ ಊದಬೇಕು ಎಂದುಕೊಳ್ಳುವಷ್ಟರಲ್ಲಿ ಕಣ್ಣಂಚು ಒದ್ದೆಯಾಯಿತು.

ವರ್ನಾ ನಿಂಬೆ ಪಾನಕದ ಲೋಟ ಹಿಡಿದು ಎದುರಿಗೇ ನಿಂತಿದ್ದಳು.

"ಯಾರು, ನಿಮ್ಮಕ್ಕನಾ? ಬರ್ತಿದಾರಾ? ಅಷ್ಟು ದೂರದಿಂದ, ಏನು ಹೀಗೆ ದಿಢೀರಂತ?"

ಇನ್ನು ಮೇಲೆ ನೆಟ್ಟಗೆ ಮಾತಾಡುವುದೆಂದು ಕ್ಲಿಫರ್ಡ್ ನಿರ್ಧರಿಸಿಯಾಗಿತ್ತು. ಕಣ್ಣೊರೆಸಿಕೊಂಡು, ಒಂದಕ್ಷರ ಅತ್ತಿತ್ತ ಮಾಡದೆ, ಇದ್ದದ್ದನ್ನೇ ಹೇಳಿದ:

"ನಾನಿನ್ನು ಬದುಕಲ್ಲ ಅಂತ ನೋಡೋಕೆ ಬರ್ತಿದಾಳೆ ವರ್ನಾ."

ಲೋಟ ಹುಲ್ಲಿನ ಮೇಲೆ ಬಿತ್ತು. ವರ್ನಾ ಆಗಲೇ ಮನೆಯ ಕಡೆ, ಒಲೆಯ ಕಡೆ ಓಡುತ್ತಿದ್ದಳು.