ಆರು ಗಂಟೆಯವರೆಗೂ ಅಲುಗಾಡದ ಸಭೆ

ಹೆಮ್ಮೆ ಪಾಪವೆಂದು ಪ್ರಸಂಗ ಮಾಡುವುದು ಸುಲಭ. ಆ ಪ್ರಸಂಗ ಚೆನ್ನಾಗಿ ಬಂತೆಂದು ಹೆಮ್ಮೆಪಡದೆ ಮನೆಗೆ ಹೋಗುವುದು ಕಷ್ಟ. ಈ ಕಷ್ಟವನ್ನು ಗೆದ್ದವನು ನಾನಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಗ ನಾನು ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದೆ. ಹಾಸನದ ಬೋಧಕರು ತಿಂಗಳಿಗೊಮ್ಮೆ ಬರುತ್ತಿದ್ದುದರಿಂದ ಉಳಿದ ಭಾನುವಾರಗಳಲ್ಲಿ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ನಾನೇ ಪ್ರಸಂಗಿ. ಸಭೆಯವರ ನೆಂಟರಿಷ್ಟರೆಲ್ಲ ಸುತ್ತಲಿನ ಒಕ್ಕಲು ಮನೆಗಳವರು. ಮದುವೆ ಮುಂಜಿಗೆ ಹೋಗಿಬಂದಾಗಲೆಲ್ಲ ನಮ್ಮವರು ಒಂದಲ್ಲ ಒಂದು ಪದ್ಧತಿಯನ್ನು ಸೆರಗಿಗೆ ಕಟ್ಟಿಕೊಂಡೇ ಬರುತ್ತಿದ್ದರು. ಸತ್ಯವೇದದಲ್ಲಿ ಇಲ್ಲದ್ದು ಆರಾಧನೆಯೊಳಗೆ ನುಸುಳದಂತೆ ಕಾಯುವುದು ನನ್ನ ಕೆಲಸ. ಚೆನ್ನಾಗಿಯೇ ಕಾದೆ. ಸುಗ್ಗಿಯ ಸ್ತೋತ್ರಕ್ಕೆ ಬಂದ ಮಂಗಳಾರತಿ ತಟ್ಟೆಯನ್ನು ಬಾಗಿಲಲ್ಲೇ ತಡೆದೆ. ಆಯುಧಪೂಜೆಯ ವಾರ ಯಾರೋ ಹಾರ್ಮೋನಿಯಂಗೆ ಇಟ್ಟಿದ್ದ ಕುಂಕುಮವನ್ನು ನನ್ನ ಪಂಚೆಯ ತುದಿಯಿಂದಲೇ ಒರೆಸಿದೆ. ಕಲೆ ಕೊನೆಗೂ ಹೋಗಲಿಲ್ಲ. ಪ್ರತಿ ಸಲ ಒಗೆಯುವಾಗಲೂ ಹೆಂಡತಿ ಅದನ್ನು ಎತ್ತಿ ತೋರಿಸುತ್ತಿದ್ದಳು.

ಅಷ್ಟರಲ್ಲಿ ಯುದ್ಧ ಬಂತು, ಸೀಮೆಎಣ್ಣೆ ಸಿಗದಾಯಿತು. ದೀಪ ಹಚ್ಚಿ ನಡೆಸುತ್ತಿದ್ದ ಆರಾಧನೆಯನ್ನು ಸಂಜೆ ನಾಲ್ಕು ಗಂಟೆಗೆ ತಂದೆವು. ಅಲ್ಲಿಂದ ನನ್ನ ಪ್ರಸಂಗಕ್ಕೆ ಎಲ್ಲಿಲ್ಲದ ಕಳೆ ಬಂತು. ಮೊದಲೆಲ್ಲ ಅರ್ಧ ಗಂಟೆಗೇ ಆಕಳಿಸಿ, ಕೆಮ್ಮಿ, ಒಬ್ಬೊಬ್ಬರಾಗಿ ಜಾರುತ್ತಿದ್ದ ಜನ ಈಗ ಆರು ಗಂಟೆಯವರೆಗೆ ಕೂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. ನಾನೂ ಧಾರಾಳವಾಗಿ ಪ್ರಸಂಗದ ಎರಡು ತಲೆಬರಹಗಳನ್ನು ಆರಕ್ಕೆ ಬೆಳೆಸಿದೆ. ಮನಸ್ಸು ತಡೆಯದೆ, 'ನಮ್ಮ ಸಭೆಯ ವಾಕ್ಯದ ಹಸಿವನ್ನು ತಾವೇ ಬಂದು ನೋಡಬೇಕು' ಎಂದು ಬೋಧಕರಿಗೆ ಕಾಗದವನ್ನೂ ಬರೆದೆ. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಬಂದು, ತಾವು ಜನರ ನಡುವೆ ಕೂತು ನನ್ನ ಪ್ರಸಂಗ ಕೇಳುವುದಾಗಿ ಅವರು ಉತ್ತರ ಕೊಟ್ಟರು.

ಈ ನಡುವಿನ ಭಾನುವಾರ ನನಗೆ ಗಂಟಲು ಕಟ್ಟಿತ್ತು. ಐದಕ್ಕೇ ಮುಗಿಸಿ ಆಶೀರ್ವಾದ ಹೇಳಿದೆ. ಯಾರೂ ಏಳಲಿಲ್ಲ. ಒಂದು ಕೀರ್ತನೆ ಹಾಡಿಸಿದೆ. ಆಗಲೂ ಏಳಲಿಲ್ಲ. ನನಗೆ ಕಣ್ಣು ತುಂಬಿಬಂತು. "ಏನಮ್ಮಾ, ಇನ್ನೂ ಸ್ವಲ್ಪ ಹೇಳಲೇ?" ಎಂದು ಮುಂದುಗಡೆ ಕೂತಿದ್ದ ಮಾರ್ಥವ್ವನನ್ನು ಕೇಳಿದೆ. ಆಕೆ ಹಳ್ಳಿಮೈಸೂರು ಕಡೆಯ ಹಿರಿಯಳು. ಸಭೆಯ ಹೆಂಗಸರು ಆಕೆ ಎದ್ದರೆ ಏಳುವರು, ಕೂತರೆ ಕೂರುವರು.

"ಬ್ಯಾಡಿ ಸಾ, ಗಂಟ್ಲು ಕಟ್ಟದೆ ನಿಮ್ಗೆ, ಸುಮ್ಕೆ ಕುಂತ್ಕಳಿ. ಆರ್ ಗಂಟೆಗಂಟ ರಾವುಕಾಲ ಅಲ್ವಾ? ಅದು ಕಳೀಲಿ, ನಾವೇ ಎದ್ದೋಯ್ತೀವಿ," ಎಂದಳು.

ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ಹೊರಟರೆ ಕೇಡೆಂದು ಅವರೆಲ್ಲ ನನ್ನ ಆರು ತಲೆಬರಹಗಳನ್ನೂ ಸಹಿಸಿಕೊಂಡು ಕೂತಿದ್ದರು! ಆರತಿ ತಟ್ಟೆಯನ್ನು ಬಾಗಿಲಲ್ಲಿ ತಡೆದ ನಾನು ಇಡೀ ಪಂಚಾಂಗವನ್ನೇ ಒಳಗೆ ಕೂರಿಸಿಕೊಂಡು ಉಪದೇಶ ಮಾಡುತ್ತಿದ್ದೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, "ನನಗೆ ಮೊದಲೇ ಗೊತ್ತಿತ್ತು," ಎಂದಳು.

"ಮತ್ತೆ ಹೇಳಬಾರದಾಗಿತ್ತೇನೆ?"

"ನೀವು ಅಷ್ಟೊಂದು ಸಂತೋಷವಾಗಿದ್ರಿ, ಅದಕ್ಕೇ ಸುಮ್ಮನಿದ್ದೆ ಕಣ್ರೀ."

ಆ ವಾರ ನಾನು ಪಟ್ಟ ಪಾಡು ಹೇಳತೀರದು. ರಾಹುಕಾಲದ ಮಾತೆತ್ತದೆ ಹೋದರೆ ಬೋಧಕರ ಮುಂದೆ ತುಂಬಿದ ಸಭೆ ಆರರವರೆಗೂ ಕೂತಿರುತ್ತದೆ, ನನ್ನ ಕಾಗದದ ಮಾನ ಉಳಿಯುತ್ತದೆ. ಎತ್ತಿದರೆ ಜನ ಎದ್ದು ಹೋಗಬಹುದು, ಬೋಧಕರ ಮುಂದೆ ನನ್ನ ಮುಖಕ್ಕೆ ಮಸಿ. ಇನ್ನೊಂದು ವಾರ ತಡೆದರೆ ದೇವರೇನು ತಪ್ಪು ತಿಳಿಯುವನೇ ಎಂದು ಪ್ರಾರ್ಥನೆಯಲ್ಲಿಯೇ ಚೌಕಾಸಿ ಮಾಡಿ ನೋಡಿದೆ. ಆದರೆ ದಿನ ಗಳಿಗೆಗಳಿಗೆ ಹೆದರುವವರನ್ನು ಸತ್ಯವೇದದಲ್ಲಿ ಪೌಲನು ಗದರಿಸಿದ ಪುಟವನ್ನು ತೆರೆದವನಿಗೆ ಮತ್ತೆ ಮುಚ್ಚಲು ಕೈ ಬರಲಿಲ್ಲ.

ಭಾನುವಾರ ಬೋಧಕರು ಕೊನೆಯ ಬೆಂಚಿನಲ್ಲಿ ಕೂತರು. ನಾನು ಶುರುಮಾಡಿದೆ. ಹೊತ್ತನ್ನು ಹುಟ್ಟಿಸಿದವನನ್ನು ಆರಾಧಿಸಿ ಹೊತ್ತಿಗೆ ಹೆದರುವುದುಂಟೇ, ಅವನ ಮಕ್ಕಳಿಗೆ ಕೆಟ್ಟ ಗಳಿಗೆಯೆಂಬುದು ಎಲ್ಲಿದೆ ಎಂದು ಕೇಳಿದೆ. ನನ್ನ ಜನ್ಮದಲ್ಲೇ ಅಂಥ ಪ್ರಸಂಗ ಮಾಡಿರಲಿಲ್ಲ. ಎರಡನೆಯ ತಲೆಬರಹ ಮುಗಿದು ಗಡಿಯಾರ ಐದು ಹೊಡೆಯುವಾಗ ಮಾರ್ಥವ್ವ ಎದ್ದು ನಿಂತಳು.

"ನೀವು ಯೋಳಿದ್ದು ದಿಟ ಕಣ್ ಸಾ. ಇಷ್ಟ್ ದಿನ ಸುಮ್ಕೆ ಎದ್ರುಕೊಂಡ್ ಕುಂತಿದ್ವಿ. ನಂಗೆ ದನ ಕಟ್ಟೋ ಒತ್ತಾಯ್ತು, ಬತ್ತೀನಿ."

ಸೆರಗು ಹೊದ್ದು, ನಡುರಾಹುಕಾಲದಲ್ಲಿ, ಬಲಗಾಲೋ ಎಡಗಾಲೋ ನೋಡದೆ ಹೊಸಲು ದಾಟಿ ಹೊರಟೇಹೋದಳು. ಹಿಂದೆಯೇ ಹೆಂಗಸರು, ಅವರ ಹಿಂದೆ ಗಂಡಸರು, ಕೊನೆಗೆ ಹಾರ್ಮೋನಿಯಂ ನುಡಿಸುವವನೂ ಎದ್ದ. ಬಿಸಿಲಿನಲ್ಲಿ ನಿರ್ಭಯವಾಗಿ ನಡೆದುಹೋಗುತ್ತಿದ್ದ ಆ ಬೆನ್ನುಗಳನ್ನು ನೋಡಿ ನನಗಾದ ಹೆಮ್ಮೆ ಇಂದಿಗೂ ಇಳಿದಿಲ್ಲ. ಹೊಟ್ಟೆಯೂ ಸ್ವಲ್ಪ ಉರಿಯಿತು, ಸುಳ್ಳೇಕೆ ಹೇಳಲಿ. ಬೋಧಕರು ಬಂದು ಕೈ ಹಿಡಿದು, "ಮೇಷ್ಟ್ರೇ, ಮುಗಿಯುವ ಮೊದಲೇ ಫಲ ಕೊಟ್ಟ ಪ್ರಸಂಗ ನಾನು ಕಂಡಿರಲಿಲ್ಲ. ನನಗೂ ಬಸ್ಸಿನ ಹೊತ್ತಾಯಿತು," ಎಂದು ಕೊಡೆ ತೆಗೆದುಕೊಂಡು ಹೊರಟರು.

ಖಾಲಿ ಬೆಂಚುಗಳ ನಡುವೆ ಹೆಂಡತಿಯೊಬ್ಬಳು ಅಲುಗಾಡದೆ ಕೂತಿದ್ದಳು. ಕೈಹಿಡಿದವಳಾದರೂ ಉಳಿದಳಲ್ಲ ಎಂದು ಎದೆಯುಬ್ಬಿ, "ಇನ್ನು ನಾಲ್ಕು ತಲೆಬರಹ ಇವೆ, ಹೇಳಲೇ?" ಎಂದೆ.

"ಬೇಗ ಹೇಳಿ ಮುಗಿಸ್ರೀ," ಎಂದಳು, "ಬೀಗ ಹಾಕಬೇಕು."