ದೊಡ್ಡಮ್ಮನ ಹೂವಿನ ಕಾಯ್ದೆ

ನಿಜಾಮರ ಕಾಯ್ದೆಗೂ ಅಷ್ಟಾಗಿ ಹೆದರದ ಮಾನವಿಯ ಹೆಂಗಸರು ನಮ್ಮ ದೊಡ್ಡಮ್ಮನ ಕಾಯ್ದೆಗೆ ಹೆದರುತ್ತಿದ್ದರು! ಯಾರ ಕುಪ್ಪಸಕ್ಕೆ ಯಾವ ಹೂವಿನ ಕಸೂತಿ ಎಂದು ತೀರ್ಮಾನಿಸುವವಳು ಆಕೆ. ಅದಕ್ಕೊಂದು ದಪ್ಪ ಪುಸ್ತಕವಿತ್ತು. ಪುಟಕ್ಕೊಬ್ಬ ಹೆಂಗಸಿನ ಚಿತ್ರ, ಎಲ್ಲ ಆಕೆಯೇ ಪೆನ್ಸಿಲಿನಿಂದ ಬರೆದದ್ದು. ಮದುಮಗಳಿಗೆ ಮಲ್ಲಿಗೆ ಮೊಗ್ಗು, ಬಸುರಿಗೆ ಕಮಲ, ಮೊಮ್ಮಕ್ಕಳನ್ನು ಕಂಡವಳಿಗೆ ಸೇವಂತಿಗೆ. ಸೊಸೆ ತಂದವಳಿಗೆ? ಕೇದಗೆ! ಪರಿಮಳವೂ ಉಂಟು, ಮುಳ್ಳೂ ಉಂಟು.

ದೇವದುರ್ಗದ ಒಂದು ಮದುವೆಯಲ್ಲಿ ಮದುಮಗಳೇ ಕೇದಗೆಯ ಕುಪ್ಪಸ ತೊಟ್ಟಿದ್ದಳು. ದೊಡ್ಡಮ್ಮ ಹನ್ನೆರಡನೇ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ಮಂಟಪಕ್ಕೆ ಬರುವಂತಿಲ್ಲ. ಅಡಿಗೆಮನೆಯಿಂದಲೇ ಹೇಳಿಕಳಿಸಿ ಅಕ್ಷತೆ ನಿಲ್ಲಿಸಿಬಿಟ್ಟಳು! ಹೋಗುವಾಗಲೇ ಅತ್ತೆಯಾಗಿ ಹೋದರೆ ಹುಡುಗಿ ಬಾಳುತ್ತಾಳೆಯೇ ಎಂಬುದು ಆಕೆಯ ವಾದ. ಕುಪ್ಪಸ ಬದಲಾಯಿತು, ಮುಹೂರ್ತ ಮೀರಿತು. ಪುರೋಹಿತರು ಸಿಟ್ಟಿನಲ್ಲಿ ನಾಲ್ಕು ಹೋಳಿಗೆ ಹೆಚ್ಚೇ ತಿಂದರು.

ಪುಸ್ತಕದ ಕೊನೆಯ ಪುಟದಲ್ಲಿ ಮಾತ್ರ ಒಂದು ಬೋಳು ಸೀರೆ. ಗಂಡ ಸತ್ತವಳದು. ದೊಡ್ಡಮ್ಮ ಉಡುತ್ತಿದ್ದ ಸಾದಾ ಕೆಂಪು ಸೀರೆಯೂ ಹಾಗೆಯೇ ಇತ್ತು.

ನಮ್ಮಕ್ಕನ ಗಂಡ ರಾಯಚೂರಿನಲ್ಲಿ ಜ್ವರದಿಂದ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು. ತವರಿಗೆ ಕರೆತಂದೆವು. ತಿಂಗಳು ಕಳೆಯುವ ಮೊದಲೇ ನಮ್ಮ ಕಾಕಾ ಅವಳ ಕಸೂತಿ ಕುಪ್ಪಸಗಳನ್ನೆಲ್ಲ ಗಂಟು ಕಟ್ಟಿಸಿ, ಯಾರಿಗಾದರೂ ಕೊಟ್ಟುಬಿಡಿ ಎಂದರು. ಅವ್ವ ಬೇಡವೆಂದು ಅತ್ತಳು. ಕಾಕಾ ದೊಡ್ಡಮ್ಮನ ಪುಸ್ತಕವನ್ನೇ ತಂದು ಆಕೆಯ ಮುಂದೆ ಕೊನೆಯ ಪುಟ ತೆರೆದಿಟ್ಟರು.

"ನೀವೇ ಬರದೀರಲ್ರೀ, ಇಂಥಾಕಿಗೆ ಹೂವಿಲ್ಲಂತ."

ನನಗೆ ದೊಡ್ಡಮ್ಮನ ಮೇಲೆ ಕೆಟ್ಟ ಕೋಪ ಬಂತು. ಆ ಪುಸ್ತಕವನ್ನು ಒಲೆಗೆ ಹಾಕಬೇಕೆನಿಸಿತು.

ದೊಡ್ಡಮ್ಮ ಆ ಪುಟದ ಮೇಲೆ ಬೆರಳಿಟ್ಟಳು. "ನಾನೇ ಬರದೀನಿ. ಹಿರೇರು ಹೇಳಿದ್ರು, ಸಣ್ಣಾಕಿ ಇದ್ದೆ, ಬರದೆ. ತಪ್ಪು ಬರದೀನಿ," ಎಂದಳು. ಗಂಟು ಬಿಚ್ಚಿ ಕುಪ್ಪಸಗಳನ್ನು ಅಕ್ಕನ ಮಡಿಲಿಗೆ ಹಾಕಿದಳು. ಕಾಕಾ ಎದ್ದು ಹೊರಗೆ ಹೋದರು.

ಆಮೇಲೆ ದೊಡ್ಡಮ್ಮ ಪೆನ್ಸಿಲ್ ಹಿಡಿದು ಅಕ್ಕನ ಪಕ್ಕ ಕೂತಳು, ಬೋಳು ಸೀರೆಯ ಮೇಲೆ ಯಾವ ಹೂ ಬರೆಯಲಿ ಎಂದು ಕೇಳಿದಳು. ಅಕ್ಕ ಕಣ್ಣೊರೆಸಿಕೊಂಡಳು.

"ನಿನಗ ಯಾವ್ದು ಬೇಕಾಗಿತ್ತು, ದೊಡ್ಡಮ್ಮ?"

ಊರಿಗೆಲ್ಲ ಹೂ ಹೇಳಿದವಳು ಆಕೆ. ಐವತ್ತು ವರ್ಷ ಯಾರೂ ಆಕೆಯನ್ನು ಹಾಗೆ ಕೇಳಿರಲಿಲ್ಲ. ಪೆನ್ಸಿಲನ್ನು ಅಕ್ಕನ ಕೈಗೆ ಕೊಟ್ಟು, ಹನ್ನೆರಡರ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು.